ಮೂರು ಗೆರೆಯ ಬುಶ್

ಸಮುದ್ರವನ್ನು ಅಡವಿಯಪ್ಪ ಕಂಡದ್ದು ಬದುಕಿನಲ್ಲಿ ಒಂದೇ ಸಲ, ಅದೂ ಒಂದು ಗೋಡೆಯ ಈಚೆ ನಿಂತು. ಆದರೆ ಮಗನಿದ್ದಂಥ ಹಡಗಿನ ಹೊಟ್ಟೆಯೊಳಗೆ ಬಾಯ್ಲರು ಎಲ್ಲಿರುತ್ತದೆ, ಅದಕ್ಕೆ ನೀರು ತಳ್ಳುವ ಪಂಪು ಯಾವ ಮಗ್ಗುಲಿಗಿದೆ, ಎಂಜಿನ್ ಕೋಣೆಗೆ ಇಳಿಯುವ ಏಣಿಗೆ ಎಷ್ಟು ಮೆಟ್ಟಿಲು ಎಂಬುದನ್ನೆಲ್ಲ ತುಮಕೂರಿನ ಗುಬ್ಬಿ ಗೇಟಿನ ಹೋಟೆಲಿನಲ್ಲಿ ಕೂತು ಬೆರಳು ಮಡಿಸಿ ಹೇಳಬಲ್ಲವನಾಗಿದ್ದ. ಎಲ್ಲವೂ ಮಗ ಚನ್ನವೀರ ಹೇಳಿಕೊಟ್ಟದ್ದು.

ಅಡವಿಯಪ್ಪನದು ಸಿ.ಎಸ್. ಪುರದ ಕಡೆಯ ಹಳ್ಳಿ. ಅಲ್ಲಿದ್ದ ತುಂಡು ಹೊಲವನ್ನು ಪಾಲಿಗೆ ಕೊಟ್ಟು ತುಮಕೂರಿಗೆ ಬಂದು, ಸದಾಶಿವಯ್ಯನವರ ವರ್ಕ್‌ಶಾಪಿನಲ್ಲಿ ಲೇತಿನ ಮುಂದೆ ನಿಂತು ಇಪ್ಪತ್ತು ವರ್ಷ ದಾಟಿತ್ತು. ಅವನ ವಂಶದಲ್ಲಿ ಕೆರೆಗಿಂತ ದೊಡ್ಡ ನೀರು ಕಂಡವರಿರಲಿಲ್ಲ. ಅಂಥ ಮನೆಯ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿದವನೇ ನೌಕಾಪಡೆಗೆ ಸೇರಿ, ಎಂಜಿನ್ ಕೋಣೆಯ ಮೆಕ್ಯಾನಿಕ್ ಆಗಿ ವರ್ಷಕ್ಕೊಮ್ಮೆ ಟ್ರಂಕು ಹೊತ್ತು ಬರುತ್ತಿದ್ದ.

ಎಪ್ಪತ್ತೊಂದರ ಶ್ರಾವಣದಲ್ಲಿ ಅವನು ಬಂದದ್ದೇ ಕೊನೆ. ಅವತ್ತು ಬಚ್ಚಲೊಲೆಯಿಂದ ಒಂದು ಇದ್ದಿಲು ತಂದು ನಡುಮನೆಯ ಸಿಮೆಂಟಿನ ನೆಲದ ಮೇಲೆ ಉದ್ದಕ್ಕೂ ಹಡಗು ಬರೆದ.

"ನೋಡಪ್ಪಾ, ಇದು ನಮ್ದು. ದೊಡ್ಡ ಯುದ್ಧ ಮುಗುದ್ಮೇಲೆ ಇಂಗ್ಲೆಂಡ್ನೋರು ಬಿರಬಿರನೆ ಕಟ್ಟಿದ್ದು. ನೀರೊಳಗಡೆ ಕಳ್ಳನಂಗೆ ಬರ್ತದಲ್ಲ ಸಬ್‌ಮರೀನು, ಅದನ್ನ ಹುಡುಕೋಕೆ. ಕಮ್ಮಿ ಖರ್ಚಲ್ಲಿ ಜಾಸ್ತಿ ಹಡಗು ಆಗ್ಲಿ ಅಂತ ಮೈ ತಗಡು ತೆಳ್ಳಗೆ, ಪ್ರೊಪೆಲ್ಲರ್ ಒಂದೇ."

"ಒಂದೇ ಏನ್ಲಾ? ಅದು ಕೆಟ್ರೆ?"

"ಕೆಟ್ರೆ ತೇಲ್ತಾ ಕೂತ್ಕೊಂಡು ಭಜನೆ ಮಾಡೋದು."

ಅಡುಗೆಮನೆಯಿಂದ ಗಂಗಾಂಬಿಕೆ, "ಒಂಟಿ ಚಕ್ರದ ಗಾಡೀಲಿ ಕೂರಿಸ್ಕೊಂಡು ಹೋಗ್ತಾರಂತೆ ನನ್ ಮಗನ್ನ! ಸರ್ಕಾರದೋರ್ಗೆ ಇನ್ನೊಂದು ಹಾಕ್ಸೋಕೆ ಏನಾಗಿತ್ತು ಧಾಡಿ?" ಎಂದಳು. ನೆಲ ಇದ್ದಿಲಾದದ್ದಕ್ಕೂ ಸೇರಿಸಿಯೇ ಬೈದಿದ್ದಳು.

ಚನ್ನವೀರ ನಕ್ಕು, ಹಡಗಿನ ನಡುವೆ ಒಂದು ಸಣ್ಣ ಕೊಳವೆ ಬರೆದ. ಪಂಪಿನ ಬುಶ್. ತಿರುಗುವ ದಂಡ ಸವೆಯಬಾರದೆಂದು ಅದರ ಸುತ್ತ ಕೂರಿಸುವ, ಗನ್‌ಮೆಟಲ್ ಎಂಬ ಕಂಚಿನ ತುಂಡು. ದಂಡದ ಬದಲು ತಾನು ಸವೆಯುವುದೇ ಅದರ ಕೆಲಸ. "ಇದು ಸವೆದು ನೀರು ಸೋರ್ತದೆ ಕಣಪ್ಪ. ಸ್ಪೇರ್ ಬರೆದ್ರೆ ಇಂಗ್ಲೆಂಡಿಂದ ಇಲ್ಲ ಅಂತ ಜವಾಬು. ಅವ್ರು ತಮ್ಮ ಹಡಗುಗಳ್ನೇ ಒಡೆದು ಗುಜರಿಗೆ ಹಾಕ್ತಾವ್ರೆ, ನಮಗೆಲ್ಲಿ ಮಾಡಿ ಕೊಡ್ತಾರೆ? ನಮ್ಮೋವು ಇರೋವು ಮೂರೇ, ಮೂರೂ ಒಂದೇ ಅಚ್ಚು. ಒಂದು ರಿಪೇರಿಗೆ ನಿಂತ್ರೆ ಅದ್ರದ್ದು ಬಿಚ್ಚಿ ಇನ್ನೊಂದಕ್ಕೆ ಹಾಕ್ತೀವಿ. ಅದು ಬಂದ್ರೆ ಇದ್ರದ್ದು ಬಿಚ್ಚಿ ಅದಕ್ಕೆ."

ಅಡವಿಯಪ್ಪ ಕುಕ್ಕರಗಾಲಲ್ಲಿ ಕೂತು ಇದ್ದಿಲಿನ ಗೆರೆಯ ಮೇಲೆ ಬೆರಳಿಟ್ಟು ನೋಡಿದ. "ಇದೇನ್ ಬ್ರಹ್ಮವಿದ್ಯೆ ಅಲ್ಲ. ಮುಂದಿನ ರಜಕ್ಕೆ ಬರೋವಾಗ ಸವೆದಿದ್ದೊಂದು ತಗೊಂಡ್ ಬಾ. ಕಾಳಯ್ಯ ಎರಕ ಹೊಯ್ಕೊಡ್ತಾನೆ, ನಾನು ತಿರುವಿ ಕೊಡ್ತೀನಿ."

"ಸರಿ, ತತ್ತೀನಿ" ಅಂದ ಮಗ.

ಹೊರಡುವ ದಿನ ಅವನು ಕೊರಳಿನ ಇಷ್ಟಲಿಂಗವನ್ನು ಕರಡಿಗೆಯ ಸಮೇತ ಬಿಚ್ಚಿ ತಾಯಿಯ ಕೈಗೆ ಕೊಟ್ಟ. ಬೆವರಿಗೂ ಎಣ್ಣೆಗೂ ದಾರ ಲಡ್ಡಾಗಿ ಒಮ್ಮೆ ಎಂಜಿನ್ನಿನ ಕೆಳಗೆ ಬಿದ್ದುಹೋಗಿತ್ತಂತೆ. ಅರ್ಧ ದಿನ ಕೊಳಕು ನೀರಲ್ಲಿ ತಡಕಾಡಿ ಹುಡುಕಿದನಂತೆ. ಗಂಗಾಂಬಿಕೆ ಕೈ ಹಿಂದಕ್ಕೆಳೆದುಕೊಂಡಳು. "ಮೈ ಮೇಲೆ ಲಿಂಗ ಇಲ್ದೆ ನೀರಿನ ಮೇಲೆ ಹೋಗ್ತೀಯೇನೋ? ಎಂಥ ಮಾತು ಅಂತ ಆಡ್ತೀಯೋ!"

"ಕಳೆದು ಹೋಗೋದ್ಕಿಂತ ನಿನ್ ಹತ್ರ ಇರೋದು ವಾಸಿ ಅಲ್ವೇನವ್ವ? ನಿನ್ ಪೂಜೆ ಜೊತೆ ನಂದೂ ಮಾಡು. ಮುಂದಿನ ಸಲ ಬಂದಾಗ ಬೆಳ್ಳಿ ಸರಪಣಿ ಹಾಕಿಸ್ಕೊಂತೀನಿ, ಆಯ್ತಾ?"

ಆ ಮುಂದಿನ ಸಲ ಬರಲಿಲ್ಲ. ಚಳಿಗಾಲದಲ್ಲಿ ಯುದ್ಧವಾಯಿತು. ಮೂರು ಹಡಗುಗಳಲ್ಲಿ ಒಂದು ಮುಳುಗಿತು. ಅದು ಚನ್ನವೀರನದ್ದೇ ಆಗಿತ್ತು.

ತಂತಿ ಬಂತು, ಆಮೇಲೆ ಕಾಗದ, ಆಮೇಲೆ ಒಂದು ಪದಕ. ಮೈ ಬರಲಿಲ್ಲ.

ಸತ್ತವನ ಲಿಂಗ ಸತ್ತವನ ಜೊತೆಯೇ ಹೋಗಬೇಕು. ಮಣ್ಣಿನ ಗೂಡಿನಲ್ಲಿ ಕೂರಿಸಿ, ಎಡಗೈ ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಬಿಲ್ವಪತ್ರೆಯಲ್ಲಿ ಮುಚ್ಚಬೇಕು. ಇಲ್ಲಿ ಲಿಂಗ ದೇವರ ಗೂಡಿನಲ್ಲಿತ್ತು, ಕೈ ಎಲ್ಲಿತ್ತೋ. ಗಂಗಾಂಬಿಕೆ ಊರಿನ ಅಯ್ಯನವರನ್ನು ಕೇಳಿಕೊಂಡು ಬಂದಳು. "ಮೈ ಸಿಗ್ದೆ ಇದ್ರೂ ನಡೀತದಂತೆ. ಅವನು ಮುಟ್ಟಿದ್ದು ಏನಾದ್ರೂ ಇಟ್ಟು, ಲಿಂಗ ಇಟ್ಟು, ಮಾವನೋರ ಸಮಾಧಿ ಪಕ್ಕದಲ್ಲಿ ಮಾಡ್ಬೋದಂತೆ. ಮಾಡ್ಬುಡಣ ಕಣ್ರೀ. ಇದನ್ನ ದಿನಾ ನೋಡ್ಕೊಂಡು ನನ್ ಕೈಲಾಗಲ್ಲ."

"ಗುಂಡಿ ಯಾರ ಅಳತೆಗೆ ತೋಡ್ಲಿ?" ಅಂದ ಅಡವಿಯಪ್ಪ.

ಅವರ ಕಡೆ ಗುಂಡಿಯನ್ನು ಸತ್ತವನ ಪಾದದಿಂದಲೇ ಅಳೆಯುವುದು. ಕಾಲಿನ ಅಳತೆಗೆ ಒಂದು ಕಡ್ಡಿ ಮುರಿದುಕೊಂಡು, ಆ ಕಡ್ಡಿಯಿಂದ ಒಂಬತ್ತು ಪಾದ. ಅಪ್ಪನಿಗೆ ಅಡವಿಯಪ್ಪನೇ ಹಾಗೆ ಅಳೆದಿದ್ದ. ಅಳತೆಯ ಮೇಲೆಯೇ ಅನ್ನ ತಿಂದ ಮನುಷ್ಯ. ಕೂದಲೆಳೆ ಹೆಚ್ಚಾದರೂ ತುಂಡನ್ನು ಎತ್ತಿ ಗುಜರಿಗೆ ಎಸೆಯುತ್ತಿದ್ದವನು. ಅಳತೆಯಿಲ್ಲದ ಗುಂಡಿ ಅವನ ಮನಸ್ಸಿಗೆ ಒಗ್ಗಲಿಲ್ಲ. ಮಗನ ಹಳೆಯ ಬೂಟು ತಂದಿಟ್ಟಳು. ಅದು ಹೈಸ್ಕೂಲಿನದು, ಅವನ ಪಾದ ಅದಲ್ಲ ಅಂದ. ನಿಮ್ಮ ಪಾದದಲ್ಲೇ ಅಳೀರಿ ಅಂದಳು. "ನಂದು ನಂಗೆ ಇರ್ಲಿ" ಅಂದು ಎದ್ದು ಹೋದ. ಐದು ವರ್ಷ ಈ ಮಾತು ಹೀಗೇ ನಡೆಯಿತು. ಆಡುವ ಮಾತು ಕಡಿಮೆಯಾಗಿ, ಆಡದೆ ಬಿಟ್ಟದ್ದೇ ಹೆಚ್ಚಾಯಿತು.

ಎಪ್ಪತ್ತಾರರಲ್ಲಿ ಸದಾಶಿವಯ್ಯ ಒಂದು ದಿನ ಪತ್ರಿಕೆ ಹಿಡಿದು ಲೇತಿನ ಹತ್ತಿರ ಬಂದರು. ಬೊಂಬಾಯಿಯ ಹಡಗುಕಟ್ಟೆಯಲ್ಲಿ, ಪರದೇಶದಿಂದ ಬರುವುದು ನಿಂತುಹೋದ ಸ್ಪೇರ್ ಪಾರ್ಟುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು, ಇದನ್ನು ಇಲ್ಲೇ ಮಾಡಿಕೊಡುವವರು ಯಾರಾದರೂ ಇದ್ದಾರಾ ಎಂದು ಸಣ್ಣ ವರ್ಕ್‌ಶಾಪಿನವರನ್ನು ಕರೆಯುತ್ತಿದ್ದರು. ಸದಾಶಿವಯ್ಯನವರಿಗೆ ಅಂಥ ಆಸೆಯೇನೂ ಇರಲಿಲ್ಲ, ಸುದ್ದಿ ಅಂತ ಓದಿ ಹೇಳಿದ್ದು. ಅಡವಿಯಪ್ಪ ಮೆಷಿನ್ ನಿಲ್ಲಿಸಿದ.

"ಯಜಮಾನ್ರೇ, ಹೋಗಣ."

"ಅಲ್ವೋ, ನಾವು ಬೋರ್‌ವೆಲ್ ಪಂಪ್ ರಿಪೇರಿ ಮಾಡೋರು. ನೇವಿಯೋರ ಮುಂದೆ ಹೋಗಿ ನಿಂತ್ಕೊಂಡು ಏನಂತ ಹೇಳಣ?"

"ಪಂಪು ಪಂಪೇ. ನೀರು ನೀರೇ. ಹೋಗಣ."

ಹೋದರು. ಉದ್ದನೆಯ ಶೆಡ್ಡಿನಲ್ಲಿ ಮೇಜುಗಳ ಮೇಲೆ ನೂರಾರು ತುಂಡುಗಳಿದ್ದವು. ಅಡವಿಯಪ್ಪ ಮೊದಲನೆಯ ಮೇಜಿನಿಂದ ಶುರುಮಾಡಿ ಸಂತೆಯಲ್ಲಿ ತಪ್ಪಿಸಿಕೊಂಡ ಕರು ಹುಡುಕುವವನಂತೆ ಒಂದೊಂದನ್ನೇ ನೋಡುತ್ತ ಹೋದ. ಏಳನೆಯ ಮೇಜಿನ ಮೇಲೆ ಅದಿತ್ತು. ನಾಲ್ಕೂವರೆ ಅಂಗುಲ ಉದ್ದ, ಒಂದು ತುದಿಗೆ ಬಳೆಯಂಥ ಅಂಚು, ಒಳಗೆ ಎಣ್ಣೆ ಹರಿಯುವ ಓರೆ ಕಾಲುವೆ. ನಡುಮನೆಯ ನೆಲದ ಮೇಲೆ ಇದ್ದಿಲಲ್ಲಿ ಇದ್ದದ್ದೇ. ಚೀಟಿಯಲ್ಲಿ ಬರೆದಿದ್ದನ್ನು ಸದಾಶಿವಯ್ಯ ಓದಿ ಹೇಳಿದರು: ಅದೇ ಅಚ್ಚಿನ, ಉಳಿದ ಎರಡು ಹಡಗುಗಳಿಗೆ ಬೇಕಾದದ್ದು.

ಹಡಗನ್ನು ತೋರಿಸಿ ಎಂದು ಕೇಳಿದ್ದಕ್ಕೆ ಗೇಟಿನ ಪಹರೆಯವನು ಹಿಂದಿಯಲ್ಲಿ ಏನೋ ಅಂದು ಕೈಯಾಡಿಸಿದ. ಅಡವಿಯಪ್ಪ ಗೋಡೆಯ ಈಚೆಯೇ ನಿಂತ. ಗೋಡೆಯ ಮೇಲಕ್ಕೆ ಬೂದು ಬಣ್ಣದ ಒಂದು ಕಂಬ ಕಾಣುತ್ತಿತ್ತು, ಅದರಾಚೆ ಬಿಸಿಲಿಗೆ ಬೆಳ್ಳಗಾದ ಒಂದು ಗೇಣು ಸಮುದ್ರ. ಕಂಬ ಮೆಲ್ಲಗೆ ಎಡಕ್ಕೆ ವಾಲಿ, ಮೆಲ್ಲಗೆ ಬಲಕ್ಕೆ ವಾಲಿತು. ಉಸಿರಾಡುತ್ತಿರುವ ಹಾಗೆ ಕಂಡಿತು ಅವನಿಗೆ.

ಇಪ್ಪತ್ತನಾಲ್ಕು ಬುಶ್ಶಿಗೆ ಆರ್ಡರ್ ಸಿಕ್ಕಿತು. ಎರಕ ಹೊಯ್ಯುವ ಕಾಳಯ್ಯ, ಪಕ್ಕದ ಕೋರ ಎಂಬ ಊರಿನವನು, ನಮೂನೆಯನ್ನು ಕೈಯಲ್ಲಿ ತಿರುಗಿಸಿ, "ಇದ್ನೇ ಅಳೆದು ಮಾಡ್ಬುಡು ಅಣ್ಣ, ಮುಗೀತು" ಅಂದ.

"ಇದು ಸವೆದದ್ದು ಕಣೋ. ಸವೆದಿದ್ದನ್ನ ಅಳೆದ್ರೆ ಹುಟ್ಟೋದೂ ಸವೆದೇ ಹುಟ್ತದೆ." ದಂಡ ತಾಗದೆ ಉಳಿದ ಎಣ್ಣೆ ಕಾಲುವೆಯ ತಳವನ್ನೂ ಅಂಚಿನ ಮೂಲೆಯನ್ನೂ ಹಿಡಿದು, ಅದು ಹೊಸದಾಗಿದ್ದಾಗ ಎಷ್ಟಿದ್ದಿರಬೇಕೆಂದು ಅಡವಿಯಪ್ಪ ಮೂರು ದಿನ ಲೆಕ್ಕ ಹಾಕಿದ. ಕಾಳಯ್ಯ ಹೊಯ್ದ ಎರಕದಲ್ಲಿ ಗುಳ್ಳೆ ಕಂಡರೆ ಮುಲಾಜಿಲ್ಲದೆ ವಾಪಸು ಮೂಸೆಗೆ ಹಾಕಿಸಿದ. "ಗಂಡನ ಮನೆಗೆ ಹೋಗೋ ಮದುಮಗಳಿಗೂ ಇಷ್ಟು ಪರೀಕ್ಷೆ ಇಲ್ಲಪ್ಪ" ಎಂದು ಕಾಳಯ್ಯ ಗೊಣಗಿದ.

ಕೊನೆಯಲ್ಲಿ, ಯಾರಿಗೂ ಹೇಳದೆ ಅಡವಿಯಪ್ಪ ಒಂದು ಕೆಲಸ ಮಾಡಿದ. ಪ್ರತಿ ಬುಶ್ಶಿನ ಅಂಚಿನ ಮುಖದ ಮೇಲೆ, ದಂಡವೂ ತಾಗದ ನೀರೂ ತಾಗದ ಜಾಗ ಹುಡುಕಿ, ಉಳಿಯ ತುದಿಯಿಂದ ಕೂದಲೆಳೆಯಂಥ ಮೂರು ಗೆರೆ ಎಳೆದ. ಒಂದರ ಪಕ್ಕ ಒಂದು, ವಿಭೂತಿಯ ಹಾಗೆ. ಲೇತು ತಿರುಗುವಾಗ ಬೆಳಕಿಗೆ ಅವು ಹೊಳೆದು ನಿಂತವು. ವರ್ಕ್‌ಶಾಪಿಗೆ ಬಂದಿದ್ದ ನೌಕಾಪಡೆಯ ಇನ್ಸ್‌ಪೆಕ್ಟರು ಉದ್ದಗಲ ಅಳೆದು, ಸೀಲು ಹಾಕಿ ಹೋದರು. ಗೆರೆಯನ್ನು ಅವರು ನೋಡಲಿಲ್ಲ.

ಪ್ಯಾಕು ಮಾಡುವ ಮುಂಚೆ ಒಂದನ್ನು ಟವೆಲಿನಲ್ಲಿ ಸುತ್ತಿ ಮನೆಗೆ ತಂದ. ಗಂಗಾಂಬಿಕೆ ಸೆರಗಿನಿಂದ ಕೈ ಒರೆಸಿಕೊಂಡು ಹಿಡಿದು ನೋಡಿದಳು.

"ಗುಂಡಿ, ಅಳತೆ ಎಲ್ಲಾ ಬುಡು" ಅಂದ. "ಅವನು ಇದ್ದಂಥದೇ ಹಡಗು. ಅವನು ಕೂತಿದ್ದ ಜಾಗದಾಗೇ ಇದು ಕೂರ್ತದೆ, ಹಣೇಲಿ ಇಬೂತಿ ಇಟ್ಕೊಂಡು. ಪಂಪು ತಿರುಗೋವಷ್ಟು ದಿನ ಅವನಿಗೂ ಕೆಲಸ ಐತೆ ಅಂದ್ಕೊ."

ಅವಳು ಬೆರಳ ತುದಿಯಿಂದ ಮೂರು ಗೆರೆಯ ಮೇಲೆ ಸುತ್ತು ಹಾಕಿದಳು. "ಹಡಗು ಓಡ್ತಿರೋ ತನಕ ನಾನು ಗುಂಡಿ ಕೇಳಲ್ಲ" ಅಂದಳು.

ಅಲ್ಲಿಂದಾಚೆಗೆ ಆ ಮನೆಯಲ್ಲಿ ಒಂದು ಮಾತು ಹುಟ್ಟಿಕೊಂಡಿತು. ಬೆಳಗ್ಗೆ ತನ್ನ ಲಿಂಗಪೂಜೆ ಮುಗಿಸಿ, ಮಗನ ಲಿಂಗಕ್ಕೂ ನೀರೆರೆದು ಪತ್ರೆಯಿಟ್ಟು, ಹಿಂದಕ್ಕೆ ತಿರುಗದೆ ಅವಳು ಕೇಳುತ್ತಿದ್ದಳು: "ಓಡ್ತಾ ಐತಾ?"

ಚಪ್ಪಲಿ ಮೆಟ್ಟುತ್ತಿದ್ದ ಅಡವಿಯಪ್ಪ, "ಓಡ್ತಾ ಐತೆ" ಅನ್ನುತ್ತಿದ್ದ. ಅವಳು ಕರಡಿಗೆ ಮುಚ್ಚುತ್ತಿದ್ದಳು. ಅವನು ಕೆಲಸಕ್ಕೆ ಹೋಗುತ್ತಿದ್ದ.

ನಡುವೆ ಎಷ್ಟೋ ಆಯಿತು. ತುಮಕೂರಿಗೆ ಗಡಿಯಾರದ ಕಾರ್ಖಾನೆ ಬಂತು. ಮಗಳು ಶಿವರುದ್ರಮ್ಮನನ್ನು ಕುಣಿಗಲ್ಲಿಗೆ ಕೊಟ್ಟರು. ಅಡವಿಯಪ್ಪನ ಕಣ್ಣಿಗೆ ದಪ್ಪ ಕನ್ನಡಕ ಬಂತು. ಹಡಗಿನ ಆರ್ಡರು ಮಾತ್ರ ಮತ್ತೆ ಬರಲಿಲ್ಲ. ಕೇಳಿದಾಗಲೆಲ್ಲ ಸದಾಶಿವಯ್ಯ, "ನೀನು ಮಾಡಿದ್ದು ಸವೆದ್ರೆ ತಾನೇ ಇನ್ನೊಂದು ಕೇಳೋದು" ಎಂದು ಬೇರೆ ಕಡೆ ನೋಡುತ್ತಿದ್ದರು. ಅಡವಿಯಪ್ಪನಿಗೆ ಅದು ಹೊಗಳಿಕೆಯಾಗಿ ಕೇಳುತ್ತಿತ್ತು. ಹೋಟೆಲಿನಲ್ಲಿ ಯಾರಾದರೂ ಹಡಗಿನ ಮಾತು ತೆಗೆದರೆ ಸಾಕು, "ಈಗ ಸುಮಾರು ಅರಬ್ಬೀ ಸಮುದ್ರದಲ್ಲಿರ್ಬೇಕು" ಎಂದು, ಮಗ ಪಕ್ಕದೂರಿಗೆ ಹೋಗಿದ್ದಾನೆ ಎನ್ನುವ ಹಾಗೆ ಹೇಳುತ್ತಿದ್ದ.

ಎಂಬತ್ತೈದರ ಮಾಘದಲ್ಲಿ ಎರಕಕ್ಕೆ ಗನ್‌ಮೆಟಲ್ ಗುಜರಿ ಬಂತು. ಬೊಂಬಾಯಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಇಲ್ಲಿಗೆ ಬಂದ ನಾಲ್ಕು ಗೋಣಿಚೀಲ. ಕಾಳಯ್ಯ ಚೀಲ ಸುರಿದು ಕಬ್ಬಿಣದ ಚೂರು ಬೇರೆ ಮಾಡುತ್ತ ಕೂತಿದ್ದ. ವಾಲ್ವು, ನಲ್ಲಿ, ಮುರಿದ ಗಾಲಿ. ಸ್ವಲ್ಪ ಹೊತ್ತಿಗೆ ಅವನ ಸುತ್ತಿಗೆಯ ಸದ್ದು ನಿಂತಿತು.

"ಅಡವ್ಯಪ್ಪಣ್ಣ." ದನಿ ಎಂದಿನಂತಿರಲಿಲ್ಲ. "ಒಂದ್ಗಳಿಗೆ ಬಾರಣ್ಣ ಇಲ್ಲಿ."

ಅಡವಿಯಪ್ಪ ಹೋಗಿ ನೋಡಿದ. ಮೇಣದ ಕಾಗದದಲ್ಲಿ ಸುತ್ತಿದ ಹನ್ನೊಂದು ಪೊಟ್ಟಣ. ಒಂದರ ಕಾಗದ ಬಿಚ್ಚಿತ್ತು. ಒಳಗಿನದು ನಿನ್ನೆ ಲೇತಿನಿಂದ ಇಳಿಸಿದಷ್ಟು ಹೊಸದು. ತಾನೇ ಸವರಿದ್ದ ಗ್ರೀಸು ಗಟ್ಟಿಯಾಗಿ ಹಳದಿಯಾಗಿತ್ತು, ಅಷ್ಟೆ. ಕನ್ನಡಕ ಮೇಲೆ ಸರಿಸಿ ಅಂಚನ್ನು ಬೆಳಕಿಗೆ ತಿರುಗಿಸಿದ. ಮೂರು ಗೆರೆ.

ಅಂಚಿಗೆ ತಂತಿಯಲ್ಲಿ ಕಟ್ಟಿದ ಕೆಂಪು ಚೀಟಿಯಿತ್ತು. ಅಡವಿಯಪ್ಪನಿಗೆ ಇಂಗ್ಲಿಷು ಬಾರದು. ಆದರೆ ಕೆಂಪು ಚೀಟಿ ಎಂದರೆ ಬೇಡವೆಂದು ತಳ್ಳಿದ ಮಾಲು ಎಂಬುದನ್ನು ವರ್ಕ್‌ಶಾಪಿನಲ್ಲಿ ಯಾರಿಗೂ ಓದಿ ಹೇಳಬೇಕಾಗಿಲ್ಲ. ಅಂಕಿ ಓದಲು ಬರುತ್ತಿತ್ತು. ಎಪ್ಪತ್ತಾರು ಎಂದಿತ್ತು.

ಅವನು ಅದನ್ನು ಹಿಡಿದುಕೊಂಡು ಹೋಗಿ ಸದಾಶಿವಯ್ಯನವರ ಮೇಜಿನ ಮೇಲಿಟ್ಟ. ಸದಾಶಿವಯ್ಯ ಅದನ್ನೂ ಅವನನ್ನೂ ನೋಡಿ, ತಲೆಯ ಮೇಲಿನ ಟೋಪಿ ತೆಗೆದು ಮೇಜಿಗಿಟ್ಟರು. ಅವರಿಗೂ ವಯಸ್ಸಾಗಿತ್ತು.

"ಬೊಂಬಾಯಿಂದ ಕಾಗದ ಬಂದಿತ್ತು ಕಣೋ ಆಗ್ಲೇ. ಎರಡು ತಿಂಗಳಿಗೇ. ಅಳತೆ ಎಲ್ಲಾ ಸರಿ ಐತೆ, ಆದ್ರೆ ನಮೂನೇಲಿ ಇಲ್ದ ಗೆರೆ ಐತೆ, ಹಂಗಾಗಿ ಹಾಕಲ್ಲ ಅಂತ. ಇಪ್ಪತ್ನಾಲ್ಕೂ."

"ಒಂದೂ ಹಾಕ್ಲಿಲ್ವಾ?"

"ಇಲ್ಲ."

"ಮತ್ತೆ ಪಂಪು?"

"ಬೆಂಗಳೂರಲ್ಲಿ ಬೇರೆಯೋರ ಕೈಲಿ ಮಾಡ್ಸಿ ಕಳಿಸ್ದೆ. ಗೆರೆ ಇಲ್ದಿದ್ದು." ಸದಾಶಿವಯ್ಯ ಮೇಜಿನ ಮೇಲಿನ ಧೂಳನ್ನು ಬೆರಳಿಂದ ಒತ್ತರಿಸಿದರು. "ನಿಂಗೆ ಹೇಳ್ಬೇಕು ಅಂತ ಎಷ್ಟ್ ಸಲ ಲೇತಿನ ಹತ್ರ ಬಂದಿದೀನಿ ಗೊತ್ತಾ? ನೀನು ಆ ಹಡಗು ಓಡ್ತಾ ಐತೆ ಅಂತ ಹೇಳ್ಕೊಂಡು ಕೆಲಸ ಮಾಡ್ತಿರ್ತಿದ್ದೆ. ಯಾವ್ ಬಾಯಲ್ಲಿ ಹೇಳ್ಲಿ? ಇವು ಅಲ್ಲೇ ಎಲ್ಲೋ ಮೂಲೆ ಸೇರಿದ್ವು, ಇನ್ನು ಈಚೆ ಬರಲ್ಲ ಅಂದ್ಕೊಂಡಿದ್ದೆ."

"ಈಗ ಯಾಕೆ ಬಂದ್ವು?"

"ಆ ಎರಡು ಹಡಗೂ ಮುಗುದೋ. ಒಡೀತಾ ಅವ್ರಂತೆ. ಸ್ಟೋರಲ್ಲಿ ಇದ್ದಿದ್ದೆಲ್ಲಾ ಗುಜರಿಗೆ ಹಾಕವ್ರೆ."

ಅಡವಿಯಪ್ಪ ಹೂಂ ಅಂದ. ಬಯ್ಯಬೇಕು ಅನ್ನಿಸಲಿಲ್ಲ; ಈ ಮನುಷ್ಯ ಒಂಬತ್ತು ವರ್ಷ ತನಗಾಗಿ ಸುಳ್ಳು ಹೊತ್ತಿದ್ದಾನೆ, ತಾನೂ ಮನೆಯಲ್ಲಿ ದಿನಾ ಬೆಳಗ್ಗೆ ಅದನ್ನೇ ಒಪ್ಪಿಸಿದ್ದೇನೆ. ನಡುವೆ ಕಣ್ಣ ಮುಂದೆ ಬಂದದ್ದು ಒಂದೇ: ಉಳಿಯ ತುದಿ, ಹೊಳೆದು ನಿಂತ ಮೂರು ಗೆರೆ. ಮಿಕ್ಕಿದ್ದೆಲ್ಲ ಸರಿಯಿತ್ತು. ಮಗನಿಗೆಂದು ಇಟ್ಟದ್ದೇ ಬಾಗಿಲಲ್ಲಿ ತಡೆದಿತ್ತು. ಇಡದೆ ಇದ್ದಿದ್ದರೆ ಅವು ಒಳಗೆ ಹೋಗಿರುತ್ತಿದ್ದವು.

ಹೊರಗೆ ಕಾಳಯ್ಯ ಕುಲುಮೆಗೆ ಗಾಳಿ ಕೊಡದೆ ಕಾದಿದ್ದ. "ಅಣ್ಣ, ಇವನ್ನ ಪಕ್ಕಕ್ಕಿಡ್ಲಾ?"

"ಒಂದು ನನಗಿರ್ಲಿ. ಮಿಕ್ಕಿದ್ದು ಹಾಕು."

"ಇಟ್ಕೊಳಣ್ಣ ಎಲ್ಲಾನೂವೆ. ಯಜಮಾನ್ರು ಏನೂ ಅನ್ನಲ್ಲ."

"ಹಾಕೋ ಕಾಳ. ನೀರೆತ್ತೋಕೆ ಅಂತ ಮಾಡಿದ್ದು. ಬೋರ್‌ವೆಲ್ಲಿಗಾದ್ರೂ ಹೋಗ್ಲಿ."

ಹತ್ತು ಬುಶ್ಶುಗಳು ಮೂಸೆಯಲ್ಲಿ ಒಂದರ ಮೇಲೊಂದು ಕೆಂಪಾಗಿ, ಅಂಚು ಮೆದುವಾಗಿ, ಕೂತಲ್ಲೇ ಕುಸಿದು ನೀರಾದವು. ಅದಷ್ಟೂ ಹೊತ್ತು ಅಡವಿಯಪ್ಪ ನಿಂತು ನೋಡಿದ.

ಗಂಗಾಂಬಿಕೆ ಮಗಳ ಎರಡನೇ ಬಾಣಂತನಕ್ಕೆ ಕುಣಿಗಲ್ಲಿಗೆ ಹೋಗಿದ್ದಳು. ಮಗನ ಲಿಂಗವನ್ನೂ ಜೊತೆಗೇ ಒಯ್ದಿದ್ದಳು. ಮಾರನೆಯ ದಿನ ಅಡವಿಯಪ್ಪ ಬಟ್ಟೆಯ ಚೀಲದಲ್ಲಿ ಬುಶ್ ಇಟ್ಟುಕೊಂಡು ಬಸ್ಸು ಹತ್ತಿದ. ಹೆಬ್ಬೂರು ದಾಟುವ ಹೊತ್ತಿಗೆ ಏನು ಹೇಳಬೇಕೆಂದು ಗೊತ್ತುಮಾಡಿಕೊಂಡಿದ್ದ. ಹಡಗು ಹಳೆಯದಾಯಿತು, ಒಡೆದರು, ಬುಶ್ ಬಿಚ್ಚಿ ವಾಪಸು ಕಳಿಸಿದರು, ಇಷ್ಟು ವರ್ಷ ಚೆನ್ನಾಗಿ ಓಡಿತಂತೆ. ಇಷ್ಟೇ. ಇದರಲ್ಲಿ ಯಾರಿಗೂ ನಷ್ಟವಿಲ್ಲ.

ಕುದುರೆ ಫಾರಮ್ಮಿನ ಗೋಡೆಯ ಹಿಂದಿನ ಓಣಿಯಲ್ಲಿ ಮಗಳ ಮನೆ. ಹಿತ್ತಲ ಬಚ್ಚಲಲ್ಲಿ ಗಂಗಾಂಬಿಕೆ ಕಾಲು ನೀಡಿ ಕೂತು, ಮೊಮ್ಮಗುವನ್ನು ಮೊಳಕಾಲ ಮೇಲೆ ಬೋರಲು ಹಾಕಿಕೊಂಡು ಬಿಸಿನೀರು ಹೊಯ್ಯುತ್ತಿದ್ದಳು. ಹೆಜ್ಜೆಯ ಸದ್ದಿಗೇ ಗುರುತು ಹಿಡಿದು, ತಲೆಯೆತ್ತದೆ ಕೇಳಿದಳು: "ಓಡ್ತಾ ಐತಾ?"

ಅಡವಿಯಪ್ಪ ಚೀಲ ಹಿಡಿದು ಬಚ್ಚಲ ಬಾಗಿಲಲ್ಲೇ ನಿಂತ.

ಅವಳ ಕೈಯಲ್ಲಿದ್ದ ಚೊಂಬು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ನೀರು ಹೊಯ್ದಳು. ಮಗುವಿನ ಬೆನ್ನು ತೊಳೆದು, ತಿರುಗಿಸಿ ಎದೆ ತೊಳೆದು, ಮೈ ಒರೆಸಿ, ಸಾಂಬ್ರಾಣಿ ಹೊಗೆ ಕೊಟ್ಟು, ಶಿವರುದ್ರಮ್ಮನ ಮಗ್ಗುಲಲ್ಲಿ ಮಲಗಿಸಿ ಬಂದಳು. ಅವಸರ ಮಾಡಲಿಲ್ಲ. ಬಂದು ಜಗಲಿಯ ಮೇಲೆ ಅವನ ಎದುರು ಕೂತಳು.

ಅವನು ಚೀಲದಿಂದ ಪೊಟ್ಟಣ ತೆಗೆದು ಇಟ್ಟ. ಅವಳು ಕಾಗದ ಬಿಡಿಸಿದಳು.

"ಇದು ಅವತ್ತು ನೀವು ಮನೆಗೆ ತಂದಿದ್ದೇ ಅಲ್ವಾ?"

"ಅಂಥದೇ."

"ಒಂಚೂರೂ ಸವೆದೇ ಇಲ್ವಲ್ರೀ."

ಬಸ್ಸಿನಲ್ಲಿ ಗೊತ್ತುಮಾಡಿಕೊಂಡದ್ದೆಲ್ಲ ಅಲ್ಲಿಗೇ ನಿಂತಿತು. ಲೇತಿನವನ ಹೆಂಡತಿ ಅವಳು. ಓಡಿದ ಬುಶ್ಶು ಹೇಗಿರುತ್ತದೆಂದು ಅವಳಿಗೂ ಗೊತ್ತು. "ಒಳಗೆ ತಗೊಂಡೇ ಇಲ್ಲ ಕಣೇ. ಒಂದನ್ನೂ."

"ಯಾಕಂತೆ?"

"ಗೆರೆ ಹಾಕಿದ್ದಕ್ಕೆ."

ಅವಳು ಅವನ ಮುಖವನ್ನೇ ನೋಡಿದಳು. "ಇಬೂತಿ ಅಂತ ಹೇಳ್ಲಿಲ್ವಾ ಅವರ್ಗೆ?"

"ಯಾರೂ ಕೇಳ್ಲಿಲ್ಲ."

ಒಳಗೆ ಮಗು ಒಮ್ಮೆ ಅತ್ತು ಸುಮ್ಮನಾಯಿತು. ಗಂಗಾಂಬಿಕೆ ಬುಶ್ಶನ್ನು ಮಡಿಲಲ್ಲಿಟ್ಟುಕೊಂಡು, ಸೆರಗಿನ ತುದಿಯಿಂದ ಗಟ್ಟಿಯಾದ ಗ್ರೀಸನ್ನು ಒರೆಸತೊಡಗಿದಳು. ಒರೆಸುತ್ತ ಒರೆಸುತ್ತ, "ಒಂಬತ್ ವರ್ಷ ಕತ್ಲೇಲಿ ಕೂತಿದ್ನಾ ಹಂಗಾದ್ರೆ" ಅಂದಳು. ಅವನನ್ನು ಕೇಳಿದ್ದಲ್ಲ ಅದು. ಆಗ ಅಡವಿಯಪ್ಪ ಅತ್ತ. ತಂತಿ ಬಂದ ದಿನ ಅಳದವನು, ಮಗಳ ಮನೆಯ ಜಗಲಿಯ ಮೇಲೆ, ಓಣಿಯಲ್ಲಿ ಓಡಾಡುವವರೆಲ್ಲ ನೋಡುವಂತೆ ಕೂತು, ಕನ್ನಡಕ ತೆಗೆಯುವುದನ್ನೂ ಮರೆತು ಅತ್ತ. "ನಾನೇ ಕಣೇ. ನಾನೇ ಹಾಳ್ಮಾಡಿದ್ದು."

ಅವಳು ಉಳಿದ ಗ್ರೀಸನ್ನು ಒರೆಸಿ ಮುಗಿಸಿದಳು. ಆಮೇಲೆ ಬುಶ್ಶನ್ನು ಅವನ ಕಡೆಗೆ ಸರಿಸಿದಳು.

"ಅಳತೆ ಇಲ್ಲ ಅಂತಿದ್ರಲ್ಲ ಆವಾಗ. ಇದೊಂದು ಅಳತೆ ಐತಲ್ಲ ಈಗ."

ಮುಂದಿನ ಸೋಮವಾರ ಊರಿಗೆ ಹೋದರು. ಕರೆಯದಿದ್ದರೂ ಕಾಳಯ್ಯ ಗುದ್ದಲಿ ಹಿಡಿದು ಬಂದಿದ್ದ. ಅಯ್ಯನವರು ಬುಶ್ಶನ್ನು ನೋಡಿ, ಇದನ್ನು ಅವನು ಮುಟ್ಟಿದ್ದನೇ ಎಂದು ಕೇಳಿದರು.

"ಇಲ್ಲ. ಮಾಡ್ಕೊಡು ಅಂತ ಕೇಳಿದ್ದ" ಅಂದಳು ಗಂಗಾಂಬಿಕೆ.

ಅಯ್ಯನವರು ಬುಶ್ಶನ್ನು ಅಡವಿಯಪ್ಪನ ಕೈಗೆ ಕೊಟ್ಟು, ಅಳೆಯಲು ಹೇಳಿದರು.

ಹೊಲದ ಬದುವಿನಲ್ಲಿ, ತನ್ನ ಅಪ್ಪನ ಸಮಾಧಿಯ ಪಕ್ಕ, ಅಡವಿಯಪ್ಪ ಮೊಣಕಾಲೂರಿ ಬುಶ್ಶನ್ನು ನೆಲದ ಮೇಲೆ ಅಡ್ಡ ಮಲಗಿಸಿದ. ಉಗುರಿನಿಂದ ಗುರುತು ಮಾಡಿ ಮುಂದಕ್ಕಿಟ್ಟ. ಒಂದು. ಎರಡು. ಅಳೆಯುವ ಕೈಗೆ ಆ ಕೆಲಸ ಗೊತ್ತಿತ್ತು. ಒಂಬತ್ತಕ್ಕೆ ನಿಲ್ಲಿಸಿ, ನಾಲ್ಕೂ ಕಡೆ ಗೆರೆ ಎಳೆದು ಎದ್ದು ನೋಡಿದ. ಇಪ್ಪತ್ನಾಲ್ಕು ವರ್ಷದ ಮಗನಿಗೆ ಎಳೆಗೂಸಿನ ಗುಂಡಿಯಾಗಿತ್ತು. ಕಾಳಯ್ಯ ಗೆರೆ ನೋಡಿ, ಗುದ್ದಲಿಯನ್ನು ಎರಡು ಸಲ ಕೈ ಬದಲಾಯಿಸಿ, ಮುಖ ಆಚೆ ತಿರುಗಿಸಿಕೊಂಡು ತೋಡಿದ.

ಒಳಗೆ ಪೂರ್ವದ ಗೋಡೆಯಲ್ಲಿ ಸಣ್ಣ ಗೂಡು ಕೊರೆದರು. ಅಡವಿಯಪ್ಪನೇ ಇಳಿದು ಬುಶ್ಶನ್ನು ನೆಟ್ಟಗೆ ಕೂರಿಸಿದ, ಮೂರು ಗೆರೆ ಮೇಲಕ್ಕೆ ಬರುವಂತೆ. ಅಲುಗಾಡುತ್ತದೆಯೇ ಎಂದು ಒಮ್ಮೆ ಬೆರಳಿಟ್ಟು ನೋಡಿದ. ಗಂಗಾಂಬಿಕೆ ಹದಿನಾಲ್ಕು ವರ್ಷ ನೀರೆರೆದ ಲಿಂಗವನ್ನು ಕರಡಿಗೆಯಿಂದ ತೆಗೆದು ಬಗ್ಗಿ ಅವನ ಕೈಗೆ ಕೊಟ್ಟಳು. ಹೊಸ ಬೆಳ್ಳಿ ಸರಪಣಿಯನ್ನೂ ಕೊಟ್ಟಳು. ಅದನ್ನು ಯಾವಾಗ ಮಾಡಿಸಿಟ್ಟಿದ್ದಳೋ ಅವನಿಗೆ ಗೊತ್ತಿರಲಿಲ್ಲ. ಎಡಗೈ ಇರಲಿಲ್ಲವಾಗಿ ಲಿಂಗವನ್ನು ಬುಶ್ಶಿನ ಬಾಯೊಳಗೆ ಇಟ್ಟ. ವಿಭೂತಿ ಸುರಿದರು, ಪತ್ರೆ ಮುಚ್ಚಿದರು. ಕಾಳಯ್ಯ ಮಣ್ಣನ್ನು ಗುದ್ದಲಿಯಲ್ಲಿ ಎಳೆಯದೆ ಬೊಗಸೆಯಲ್ಲಿ ಹಾಕಿದ.

ಒಂದು ವಾರ ಕಳೆದು, ತುಮಕೂರಿನ ಮನೆಯಲ್ಲಿ ಗಂಗಾಂಬಿಕೆ ಬೆಳಗಿನ ಪೂಜೆಗೆ ಕೂತಿದ್ದಳು. ತನ್ನ ಲಿಂಗಕ್ಕೆ ನೀರೆರೆದಳು, ಪತ್ರೆಯಿಟ್ಟಳು. ಚೊಂಬಿನಲ್ಲಿ ಇನ್ನೊಂದು ಲಿಂಗಕ್ಕಾಗುವಷ್ಟು ನೀರು ಉಳಿದಿತ್ತು. ಅದನ್ನು ನೋಡುತ್ತ ಕೂತಳು. ಬಾಗಿಲಲ್ಲಿ ಅಡವಿಯಪ್ಪ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಮೆಟ್ಟದೆ ನಿಂತಿದ್ದ.

ಅವಳು ಏನೂ ಕೇಳಲಿಲ್ಲ. ಅವನು ಇನ್ನೊಂದು ಗಳಿಗೆ ನಿಂತಿದ್ದು, ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋದ.